ಚಿರತೆ ನೋಡೋಕೆ ಹೊರಟವರನ್ನ ತಡೆದ ಬೆಕ್ಕು

ಸ್ನೇಹಿತರೇ, ನಮ್ಮ ಭಾವನವರ ಶೌರ್ಯ ಸ್ವಲ್ಪ ಕೇಳ್ರಿ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಯಜಮಾನರು. ಶ್ರೀಲಂಕಾದ ಕಾಡಲ್ಲಿ ತೆರೆದ ಜೀಪಿನಲ್ಲಿ ಕೂತು ಚಿರತೆ ನೋಡಬೇಕು ಅಂತ ಒಂದು ತಿಂಗಳಿಂದ ಕುಣೀತಿದ್ದರು. ಇವತ್ತು ಹನ್ನೆರಡರೊಳಗೆ ಟ್ರಾವೆಲ್ಸ್‌ನವರಿಗೆ ಪಾಸ್‌ಪೋರ್ಟ್ ಕೊಡಬೇಕಿತ್ತು, ಇಲ್ಲಾಂದ್ರೆ ಟೂರಿನ ಸೀಟು ಬೇರೆಯವರಿಗೆ. ಮನೆಯವರು ಐದೂ ಜನ ಕಾರು ಹತ್ತಿದ್ವಿ. ಓಣಿ ತಿರುವಿನಲ್ಲಿ ಬೆಕ್ಕು ಅಡ್ಡ ಬಂತು. ಭಾವ ಗಕ್ಕನೆ ಬ್ರೇಕ್ ಹಾಕಿದರು.

"ಯಾರಾದ್ರೂ ಮೊದ್ಲು ದಾಟ್ಲಿ. ಇನ್ನೂ ಟೈಮ್ ಐತೆ."

ಆ ಬಿಸಿಲಲ್ಲಿ ಒಂದು ನರಪಿಳ್ಳೆಯೂ ಬರಲಿಲ್ಲ.

"ನಾನೇ ಇಳಿದು ದಾಟ್ತೀನ್ರಿ ಭಾವ," ಅಂದೆ.

"ಮನೆಯೋರು ದಾಟಿದ್ರೆ ಲೆಕ್ಕಕ್ಕಿಲ್ಲಮ್ಮ."

"ಅಲ್ಲಿ ಜೀಪಿಗೆ ಚಿರತೆ ಅಡ್ಡ ಬಂದ್ರೆ ಏನ್ ಮಾಡ್ತೀರಿ?"

"ಅದಕ್ಕೆ ದುಡ್ಡು ಕೊಟ್ಟಿರ್ತೀವಲ್ಲ, ಅಪಶಕುನ ಆಗಲ್ಲ."

ಹನ್ನೆರಡಾದ ಮೇಲೆ ಒಬ್ಬ ಸೈಕಲ್‌ನವನು ದಾಟಿದ. ನಾವು ಹೋಗಿ ಮುಟ್ಟೋ ಹೊತ್ತಿಗೆ ನಮ್ಮ ಸೀಟೆಲ್ಲ ಮೊಳಕಾಲ್ಮೂರಿನ ಸೀರೆ ವ್ಯಾಪಾರಿ ಒಬ್ಬರ ಪಾಲಾಗಿತ್ತು. ಭಾವ ಗೆದ್ದವರ ಹಾಗೆ ನಮ್ಮ ಕಡೆ ತಿರುಗಿದರು.

"ನೋಡಿದ್ರಾ? ಬೆಕ್ಕು ಅಡ್ಡ ಬಂದ್ರೆ ಕೆಲಸ ಆಗಲ್ಲ ಅಂತ ಹೇಳಲಿಲ್ವಾ ನಾನು?"

ಇವತ್ತು ಸಫಾರಿ ಆಗಿದ್ದು ಆ ಬೆಕ್ಕಿಗೆ ಮಾತ್ರ. ಕಾಂಪೌಂಡ್ ಮೇಲೆ ಕೂತು, ಗಾಜು ಏರಿಸಿಕೊಂಡ ಐದು ಪ್ರಾಣಿಗಳನ್ನ ಅರ್ಧ ಗಂಟೆ ಆರಾಮಾಗಿ ನೋಡ್ತು.