ಅತಿಥಿಗೆಂದೇ ಇಟ್ಟ ಎಳೆಯ ಚೀಸ್

ಪ್ರೆಂಡಾಳ ಮನೆಗೆ ಹೋದವರು ಹಸಿದುಕೊಂಡು ಹೊರಗೆ ಬಂದದ್ದನ್ನು ಕಂಡವರಿಲ್ಲ. ಬೇಡ ಅಂದರೂ ಬಡಿಸುತ್ತಾಳೆ, ಸಾಕು ಅಂದರೆ ಎರಡು ಪಟ್ಟು ಬಡಿಸುತ್ತಾಳೆ, ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರೆ ಆ ಕೈಯ ಮೇಲೇ ಹಾಕಿಬಿಡುತ್ತಾಳೆ. ಉತ್ತರ ಆಲ್ಬೇನಿಯಾದ ನಮ್ಮ ಬೆಟ್ಟಗಳಲ್ಲಿ ಎಲ್ಲರೂ ಹೆಚ್ಚುಕಮ್ಮಿ ಹೀಗೆಯೇ, ಅದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಆದರೆ ಪ್ರೆಂಡಾಳದ್ದು ಸ್ವಲ್ಪ ಅತಿ. ಅದಕ್ಕೆ ಕಾರಣವೂ ಇತ್ತು. ಅವಳು ಬದುಕಿನ ಬಹುಭಾಗ ಯಾರಾದರೂ ಬರಲಿ ಎಂದು ಕಾದವಳು. ಆಮೇಲೆ ಒಬ್ಬಳೇ ಒಬ್ಬಳು ಮತ್ತೊಮ್ಮೆ ಬರಲಿ ಎಂದು ಕಾದಳು.

ಹತ್ತೊಂಬತ್ತಕ್ಕೆ ಮದುವೆಯಾಗಿ ಈ ಕಲ್ಲಿನ ಮನೆಗೆ ಬಂದಾಗ ಕಮ್ಯುನಿಸ್ಟ್ ಸರ್ಕಾರ ದೇಶದ ಬಾಗಿಲು ಮುಚ್ಚಿತ್ತು. ಹೊರದೇಶದವರ ಮಾತು ಹಾಗಿರಲಿ, ಪಕ್ಕದ ಕಣಿವೆಯವರು ನಮ್ಮ ಕಡೆ ಬರಬೇಕಾದರೂ ಪರವಾನಗಿಯ ಕಾಗದ ಬೇಕಿತ್ತು. ಆಡುಗಳೆಲ್ಲ ಸಹಕಾರ ಸಂಘದವು. ಪ್ರೆಂಡಾ ಬೆಳಗಿನ ಜಾವ ಎದ್ದು ತೊಂಬತ್ತು ಆಡುಗಳ ಹಾಲು ಹಿಂಡುತ್ತಿದ್ದಳು. ಮೊಣಕೈವರೆಗೂ ಹಾಲಿನ ವಾಸನೆ, ಮನೆಯ ಪಾತ್ರೆಗೆ ಮಾತ್ರ ಒಂದು ಹನಿ ಇಲ್ಲ. ಮಾವ ದಿನಾ ಸಂಜೆ ಒಲೆಯ ಮುಂದೆ ಕೂತು ಒಂದೇ ಪ್ರಶ್ನೆ ಕೇಳುತ್ತಿದ್ದ.

“ಯಾರಾದ್ರೂ ಬಂದ್ರೇನಮ್ಮಾ?”

“ಯಾರೂ ಇಲ್ಲ ಮಾವ.”

“ಮನೇನೋ ಇದು, ಗೋರಿನೋ” ಎಂದು ಗೊಣಗಿ ಮುದುಕ ಮಲಗುತ್ತಿದ್ದ. ನಮ್ಮಲ್ಲಿ ಮನೆ ಎಂದರೆ ಮೊದಲು ಅತಿಥಿಯದು, ಆಮೇಲೆ ಉಳಿದರೆ ನಮ್ಮದು. ಆ ಮುದುಕ ಒಬ್ಬನೇ ಒಬ್ಬ ಅತಿಥಿಗೂ ನೀರು ಕೊಡದೆ ಸತ್ತ. ಪ್ರೆಂಡಾಳಿಗೆ ಮಕ್ಕಳೂ ಆಗಲಿಲ್ಲ. ಹಾಗಾಗಿ ಅತ್ತೆ ಮಾವ ಹೋದ ಮೇಲೆ ಅವಳ ಕೈಯ ರುಚಿ ನೋಡಿದ್ದು ಗಂಡ ಪಾಶ್ಕು ಒಬ್ಬನೇ. ಅವನಿಗೋ ಕಲ್ಲು ಬೇಯಿಸಿ ಹಾಕಿದರೂ ಗೊತ್ತಾಗುತ್ತಿರಲಿಲ್ಲ.

ಆ ಸರ್ಕಾರ ಬಿದ್ದ ಮೇಲೆ ಆಡುಗಳನ್ನು ಹಂಚಿದರು. ಪ್ರೆಂಡಾಳ ಪಾಲಿಗೆ ಒಂಬತ್ತು ಬಂದವು. ಆವತ್ತು ಅವಳು ಒಂಬತ್ತಕ್ಕೂ ಹೆಸರಿಟ್ಟಳು, ಅತ್ತೆ ಹೇಳಿಕೊಟ್ಟಿದ್ದ ಚೀಸಿನ ಕೆಲಸವನ್ನು ನೆನಪಿನಿಂದ ಹೊರಗೆಳೆದಳು. ಹಿಂಡಿದ ಹಾಲು ಬೆಚ್ಚಗಿರುವಾಗಲೇ ಅದಕ್ಕೆ ಎಳೆಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕಬೇಕು. ಗಟ್ಟಿಯಾದದ್ದನ್ನು ಬಟ್ಟೆಯಲ್ಲಿ ಕಟ್ಟಿ ಮೇಲೆ ಕಲ್ಲು ಹೇರಬೇಕು. ಆಮೇಲೆ ಮರದ ಪೀಪಾಯಿಯ ಉಪ್ಪುನೀರಿನಲ್ಲಿ ಮುಳುಗಿಸಿಟ್ಟರೆ ಸೆಪ್ಟೆಂಬರ್ ಕೊನೆಯ ಸಂತ ಮಿಕೇಲನ ಹಬ್ಬದವರೆಗೆ ಮುಚ್ಚಳ ತೆಗೆಯುವ ಹಾಗಿಲ್ಲ. ಮನೆಯವರು ತಿನ್ನುವುದು ಆ ಹಳೆಯ, ನಾಲಿಗೆ ಸೀಳುವಷ್ಟು ಉಪ್ಪಾದ ಚೀಸನ್ನು. ಬಟ್ಟೆಯಿಂದ ಆಗಷ್ಟೇ ಬಿಚ್ಚಿದ, ಇನ್ನೂ ಹಾಲು ಜಿನುಗುವ ಎಳೆಯ ಚೀಸ್ ಅತಿಥಿಗೆ ಮಾತ್ರ. ಒಂದು ಮುದ್ದೆ ತೆಗೆದು ಚಿಲುಮೆಯ ತಣ್ಣೀರಿನ ಪಕ್ಕ ಇಡುತ್ತಿದ್ದಳು. ಮೂರು ದಿನ ಯಾರೂ ಬರದಿದ್ದರೆ ಅದೂ ಪೀಪಾಯಿಗೆ ಹೋಗುತ್ತಿತ್ತು. ಪಾಶ್ಕು ಆಗಾಗ ಹಿಂದಿನಿಂದ ಬಂದು ಒಂದು ಹಿಡಿ ಕಿತ್ತುಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದ.

“ಥೂ, ನಾಚಿಕೆ ಇಲ್ವಾ? ಅದು ಬಂದವರಿಗೆ ಅಂತ ಇಟ್ಟಿರೋದು!”

“ಬಂದಾಗ ನೋಡಣ. ಈಗ ಬಂದಿರೋನು ನಾನೇ” ಎನ್ನುತ್ತಿದ್ದ ಅವನು.

ಪಾಶ್ಕುವಿಗೆ ಸಂಜೆಯಾದರೆ ಮೈ ಕಾಯುತ್ತಿತ್ತು, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು, ಸೊಂಟ ನೋವು. ಕಣಿವೆಯ ಗಾಳಿ ಹೊಡೆದಿದೆ ಎಂದು ಎಲ್ಲರೂ ಹೇಳಿದರು. ಪ್ರೆಂಡಾ ವರ್ಷಗಟ್ಟಲೆ ಅವನ ಬೆನ್ನಿಗೆ ದ್ರಾಕ್ಷಿಯ ಸಾರಾಯಿ ತಿಕ್ಕಿದಳು. ಒಂದು ಚಳಿಗಾಲ ಎದೆನೋವಿನಿಂದ ಅವನೂ ಹೋದ.

ಅದಾಗಿ ನಾಲ್ಕು ವರ್ಷಕ್ಕೆ, ಎರಡು ಸಾವಿರದ ಮೂರರ ಮೇ ತಿಂಗಳಲ್ಲಿ, ರಾದ್ಕಾ ಬಂದಳು. ಜೆಕ್ ದೇಶದವಳು, ಮೂವತ್ತರ ಹುಡುಗಿ, ಬೆನ್ನ ಮೇಲೆ ತನ್ನಷ್ಟೇ ಎತ್ತರದ ಚೀಲ. ಬೆಟ್ಟದ ಗಿಡಗಳನ್ನು ಹುಡುಕಿ ಹಳೆಯ ಪತ್ರಿಕೆಗಳ ನಡುವೆ ಒತ್ತಿ ಒಣಗಿಸುವುದು ಅವಳ ಕೆಲಸ. ಒಂದು ರಾತ್ರಿ ಮಲಗಲು ಜಾಗ ಕೇಳಿದವಳು ಏಳು ವಾರ ಉಳಿದಳು. ಮೊದಲ ದಿನ ಬೆಳಿಗ್ಗೆ ಪ್ರೆಂಡಾ ಎಳೆಯ ಚೀಸನ್ನು ಕತ್ತರಿಸಿ ಜೇನು ಸುರಿದು ಅವಳ ಮುಂದಿಟ್ಟಳು. ಹುಡುಗಿ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಐವತ್ತೈದು ವರ್ಷದ ಹೆಂಗಸು ಅಡುಗೆಮನೆಗೆ ಓಡಿಹೋಗಿ ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಇಷ್ಟು ವರ್ಷ ಕಾದದ್ದು ಇದಕ್ಕೇ ಅನ್ನಿಸಿತು.

ವಾರ ಕಳೆಯುವುದರೊಳಗೆ ರಾದ್ಕಾ ನಾಲ್ಕು ಮಾತು ಕಲಿತು “ಅಮ್ಮ” ಎನ್ನಲು ಶುರುಮಾಡಿದಳು. ಸಂಜೆ ಇಬ್ಬರೂ ಜಗಲಿಯಲ್ಲಿ ಕೂರುತ್ತಿದ್ದರು. ಅವಳು ತಂದ ಗಿಡಗಳಿಗೆ ಇವಳು ಹೆಸರು ಹೇಳುತ್ತಿದ್ದಳು, ಯಾವುದು ಹೊಟ್ಟೆನೋವಿಗೆ, ಯಾವುದು ಆಡು ಮುಟ್ಟದ್ದು ಎಂದೆಲ್ಲ.

“ನೀನು ಈ ಚೀಸ್ ಯಾಕೆ ತಿನ್ನಲ್ಲ ಅಮ್ಮ?”

“ನಮಗ್ಯಾಕೆ ಇದು? ನೀನು ತಿನ್ನು. ಗಾಳಿಗೆ ಹಾರಿಹೋಗೋ ಹಾಗಿದೀಯ.”

ಹೋಗುವ ದಿನ ರಾದ್ಕಾ, ಬರುವ ವರ್ಷ ಮತ್ತೆ ಬರುತ್ತೇನೆ ಎಂದಳು. ಆ ನವೆಂಬರಿನಲ್ಲಿ ಅವಳ ಕಾಗದ ಬಂತು, ಯಾರಿಂದಲೋ ನಮ್ಮ ಭಾಷೆಗೆ ತರ್ಜುಮೆ ಮಾಡಿಸಿದ್ದು. ಪ್ರೆಂಡಾ ಏಳನೇ ಕ್ಲಾಸು ಓದಿದವಳು. ಬೇರೆ ಯಾರ ಕೈಗೂ ಕೊಡದೆ, ಒಲೆಯ ಮುಂದೆ ಕೂತು, ಅಕ್ಷರದ ಕೆಳಗೆ ಬೆರಳಿಟ್ಟು ತಾನೇ ಓದಿದಳು.

ಊರಿಗೆ ಹೋದ ತಿಂಗಳಿಗೆ ಜ್ವರ ಶುರುವಾಯಿತಂತೆ. ಸಂಜೆ ಏರುವುದು, ರಾತ್ರಿ ಬೆವರುವುದು, ಸೊಂಟ ಹಿಡಿದು ಏಳಲಾಗದೆ ಇರುವುದು. ಎಷ್ಟೋ ದಿನ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಒಬ್ಬ ಮುದಿ ಡಾಕ್ಟರು, ಪರದೇಶದಲ್ಲಿ ಕಾಯಿಸದ ಹಾಲಿನದೇನಾದರೂ ತಿಂದೆಯಾ ಎಂದು ಕೇಳಿ, ರಕ್ತ ನೋಡಿ, ಇದು ಆಡಿನಿಂದ ಬರುವ ಜ್ವರ ಎಂದರಂತೆ. ತಿಂಗಳುಗಳಷ್ಟು ಹಳೆಯದಾದ ಉಪ್ಪಿನ ಚೀಸಿನಲ್ಲಿ ಆ ರೋಗ ಬದುಕುವುದು ಕಷ್ಟ, ಎಳೆಯದರಲ್ಲಿ ಸುಖವಾಗಿ ಇರುತ್ತದಂತೆ. “ಇದು ನಿನ್ನ ತಪ್ಪಲ್ಲ ಅಮ್ಮ” ಎಂದು ಎರಡು ಸಲ ಬರೆದಿದ್ದಳು. ಆಡುಗಳ ರಕ್ತ ಪರೀಕ್ಷೆ ಮಾಡಿಸು, ನಿನ್ನದೂ ಮಾಡಿಸಿಕೋ ಎಂದಿದ್ದಳು. ಇನ್ನು ಮೇಲೆ ಹೊರಗೆ ಹೋದರೆ ಹಬೆಯಾಡುವ ಊಟ, ಸೀಲು ಒಡೆಯದ ನೀರು ಬಿಟ್ಟು ಏನೂ ಮುಟ್ಟಬಾರದೆಂದು ಡಾಕ್ಟರ ಅಪ್ಪಣೆಯಂತೆ. ಯಾವಾಗ ಬರುತ್ತೇನೋ ಗೊತ್ತಿಲ್ಲ ಎಂದು ಕೊನೆಯ ಸಾಲು.

ಪ್ರೆಂಡಾ ಕಾಗದ ಮಡಚಿಟ್ಟಳು. ಮನೆಯವರು ತಿನ್ನುವ ಹಳೆಯ ಚೀಸನ್ನೇ ಮುಂದಿಟ್ಟು ಅವಮಾನ ಮಾಡಿದ್ದರೆ, ಹುಡುಗಿ ಗಟ್ಟಿಯಾಗಿರುತ್ತಿದ್ದಳು. ಮರ್ಯಾದೆ ಮಾಡಿದ್ದೇ ತಪ್ಪಾಯಿತು. ಆಮೇಲೆ ಪಾಶ್ಕುವಿನ ಬೆನ್ನು ನೆನಪಾಯಿತು. ಅವನು ಕದ್ದು ತಿಂದ ಒಂದೊಂದು ಹಿಡಿಯೂ ನೆನಪಾಯಿತು. ಗಾಳಿಯನ್ನು ಬೈದುಕೊಂಡು ಇಷ್ಟು ವರ್ಷ ಕಳೆದಿದ್ದಳು.

ಮರುದಿನವೇ ಪಟ್ಟಣಕ್ಕೆ ನಡೆದು ದನದ ಡಾಕ್ಟರನ್ನು ಕರೆತಂದಳು. ಆಗಿದ್ದ ಒಂಬತ್ತರಲ್ಲಿ ನಾಲ್ಕಕ್ಕೆ ರೋಗವಿತ್ತು. ನಾಲ್ಕನ್ನೂ ಕೊಂದು ಸುಣ್ಣ ಹಾಕಿ ಹೂಳಿದರು. ಪ್ರೆಂಡಾ ಗುಂಡಿಯ ಪಕ್ಕ ನಿಂತು ಒಂದೊಂದರ ಹೆಸರೂ ಹೇಳಿದಳು. ಅವಳ ಮೈದುನ ಮರಾಶ್, ಪಕ್ಕದ ಮನೆಯವನು, ಬೇಲಿಯ ಮೇಲೆ ಒರಗಿ ನೋಡುತ್ತಿದ್ದ.

“ನಿನ್ನವನ್ನೂ ತೋರಿಸೋ” ಎಂದಳು.

“ನನ್ನ ಆಡುಗಳು ಮಾನವಂತರ ಮನೇವು ಅತ್ತಿಗೆ. ಸೂಜಿ ಅಂದ್ರೆ ನಾಚ್ಕೊಳ್ತಾವೆ.”

ಅಲ್ಲಿಂದ ಪ್ರೆಂಡಾಳ ಹೊಸ ಪಾಠ ಶುರುವಾಯಿತು. ಹಾಲು ಕುದಿಸಿದಳು, ಹೆಪ್ಪು ಹಿಡಿಯಲಿಲ್ಲ. ಕಡಿಮೆ ಕಾಯಿಸಿದಳು, ದನದ ಡಾಕ್ಟರು ಸಾಲದು ಎಂದರು. ಒಂದು ಇಡೀ ಬೇಸಿಗೆ ಹಾಲನ್ನು ಹಂದಿಗೆ ಸುರಿದ ಮೇಲೆ ಹದ ಕೈಗೆ ಬಂತು. ಬೆರಳು ಅದ್ದಲಾಗದಷ್ಟು ಬಿಸಿ ಮಾಡಿ, ಕುದಿಯಲು ಬಿಡದೆ, ಅರ್ಧ ಗಂಟೆ ಅಷ್ಟೇ ಬಿಸಿಯಲ್ಲಿ ಹಿಡಿದಿಟ್ಟು, ಮತ್ತೆ ಆರಿಸಿ ಹೆಪ್ಪು ಹಾಕುವುದು.

“ಏನತ್ತಿಗೆ, ಹಾಲಿಗೂ ಸ್ನಾನ ಮಾಡಿಸ್ತಾ ಇದೀರಾ?” ಮರಾಶ್ ದಿನಾ ಕೇಳುತ್ತಿದ್ದ. “ಸೋಪೂ ಹಾಕಿ.”

“ನಿನಗೂ ಒಂದು ಚೊಂಬು ಸುರೀಲಾ? ನೀನು ಸ್ನಾನ ಕಂಡು ಎಷ್ಟು ದಿನ ಆಯ್ತೋ.”

ಆ ಹೊತ್ತಿಗೆ ಬೆಟ್ಟ ಹತ್ತುವ ಪರದೇಶದವರು ಗುಂಪು ಗುಂಪಾಗಿ ಬರತೊಡಗಿದ್ದರು. ಕೈಯಲ್ಲಿ ಪುಸ್ತಕ, ಪುಸ್ತಕದಲ್ಲಿ ಏನು ತಿನ್ನಬಾರದು ಎಂಬ ಪಟ್ಟಿ. ಇದು ಬೆಂದಿದೆಯಾ, ಇದನ್ನು ಯಾವ ನೀರಿನಲ್ಲಿ ತೊಳೆದಿರಿ ಎಂದು ವಿಚಾರಣೆ. ಊರಿನವರಿಗೆ ಮೈಯೆಲ್ಲ ಉರಿಯುತ್ತಿತ್ತು. ಅನ್ನ ಹಾಕುವ ಕೈಯನ್ನು ಕೇಳುವುದೆಂದರೇನು! ಪ್ರೆಂಡಾ ಮಾತ್ರ ತಾಳ್ಮೆಯಿಂದ ಉತ್ತರ ಕೊಡುತ್ತಿದ್ದಳು, ಅನುಮಾನವಿದ್ದವರನ್ನು ಒಲೆಯ ಬಳಿಗೇ ಕರೆದೊಯ್ದು ತೋರಿಸುತ್ತಿದ್ದಳು.

“ಕೇಳ್ಲಿ ಬಿಡ್ರಪ್ಪ” ಎನ್ನುತ್ತಿದ್ದಳು. “ನನ್ನ ಹುಡುಗಿ ಕೇಳ್ಲಿಲ್ಲ. ನಾನು ಕೊಟ್ಟೆ, ಅವಳು ತಿಂದ್ಲು.”

ಅವರಲ್ಲಿ ಕೆಲವರು ಚೆನ್ನಾಗಿ ತಿಂದರು, ಹೊಗಳಿದರು, ಚಿತ್ರ ತೆಗೆದುಕೊಂಡರು. ಪ್ರೆಂಡಾಳ ಮನಸ್ಸು ತುಂಬಲಿಲ್ಲ. ಯಾರು ಚೀಸಿನ ತುಂಡು ಎತ್ತಿದರೂ ಅವಳ ಕಣ್ಣು ಆ ಕಣ್ಣು ಮುಚ್ಚಿದ ಮುಖವನ್ನೇ ಹುಡುಕುತ್ತಿತ್ತು. ರಾದ್ಕಾಳಿಗೆ ಕಾಗದ ಬರೆದಳು, ಎಲ್ಲವನ್ನೂ ಹೇಳಿದಳು, ಬಾ ಎಂದಳು. ಕ್ರಿಸ್ಮಸ್ಸಿಗೆ ಮೂರು ವರ್ಷ ಒಂದೊಂದು ಕಾರ್ಡು ಬಂತು, ಆಮೇಲೆ ಅದೂ ನಿಂತಿತು. ಇನ್ನೊಂದೇ ಒಂದು ಸಲ ಆ ಹುಡುಗಿ ತನ್ನ ಕೈಯಿಂದ ತಿನ್ನಬೇಕು. ಅಷ್ಟಾದರೆ ತಾನು ವಿಷ ಹಾಕಿದವಳಲ್ಲ ಎಂದು ತಾನೇ ನಂಬಬಹುದು. ಬೆಳಿಗ್ಗೆ ಎದ್ದರೆ ಅದೇ ಆಸೆ, ಹಾಲು ಕಾಯಿಸುವಾಗ ಅದೇ ಆಸೆ. ದಾರಿಯ ತಿರುವಿನಲ್ಲಿ ದೊಡ್ಡ ಚೀಲ ಕಂಡರೆ ಪ್ರತಿಸಲವೂ ಎದ್ದು ನಿಲ್ಲುತ್ತಿದ್ದಳು.

ಆರನೇ ವರ್ಷದ ಮೇ ಕೊನೆಯಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ, ಆ ಚೀಲ ನಿಜವಾಗಿಯೂ ರಾದ್ಕಾಳದ್ದಾಗಿತ್ತು. ಕೂದಲು ಗಿಡ್ಡವಾಗಿತ್ತು, ಇಳಿಜಾರಿನಲ್ಲಿ ಸೊಂಟಕ್ಕೆ ಕೈ ಕೊಟ್ಟುಕೊಂಡು ಇಳಿಯುತ್ತಿದ್ದಳು. ಪ್ರೆಂಡಾ ಅವಳ ಮುಖ, ಭುಜ, ಬೆನ್ನು ಎಲ್ಲವನ್ನೂ ಸವರಿ ನೋಡಿದಳು. ಮರಾಶ್ ಬೇಲಿ ದಾಟಿ ಬಂದು ಬಾಗಿಲ ಬಳಿ ನಿಂತ. ಇಂಥದ್ದನ್ನು ಬಿಡುವವನಲ್ಲ ಅವನು.

ಪ್ರೆಂಡಾ ಮುಸುಕಿನ ಜೋಳದ ರೊಟ್ಟಿ, ಜೇನು, ಬೆಳಿಗ್ಗೆ ಬಟ್ಟೆಯಿಂದ ಬಿಚ್ಚಿದ ಚೀಸ್ ತಂದಿಟ್ಟಳು. ಜೊತೆಗೆ ಡಾಕ್ಟರು ಮೊಹರು ಒತ್ತಿದ ಐದು ಆಡುಗಳ ಕಾಗದಗಳನ್ನೂ ತಟ್ಟೆಯ ಪಕ್ಕ ಜೋಡಿಸಿದಳು.

“ಓದ್ಕೋ ಮಗಳೇ. ಪ್ರತಿ ವರ್ಷದ್ದೂ ಇದೆ. ಹಾಲು ಕಾಯಿಸಿದ್ದೀನಿ, ದೇವರಾಣೆ.”

“ಓದೋದೇನೂ ಬೇಡ ಅಮ್ಮ. ನಂಬ್ತೀನಿ.”

ರಾದ್ಕಾ ಒಂದು ತುಂಡು ಎತ್ತಿ ಬಾಯಿಗಿಟ್ಟಳು. ಹುಡುಗಿ ಅಗಿಯಲಿಲ್ಲ. ಹಣೆಯ ಮೇಲೆ ಬೆವರು ಮೂಡಿತು, ಕೈ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ನುಂಗಲು ನೋಡಿದಳು, ಗಂಟಲು ಏರಿ ಇಳಿಯಿತು, ತುಂಡು ಮಾತ್ರ ಒಳಗೆ ಹೋಗಲಿಲ್ಲ. ಆದರೂ ನಗಲು ಪ್ರಯತ್ನಿಸುತ್ತಿದ್ದಳು. ಪ್ರೆಂಡಾ ಆರು ವರ್ಷ ಬಯಸಿದ್ದು ಈ ತುತ್ತನ್ನೇ, ಈಗ ಅದೇ ತುತ್ತು ಹುಡುಗಿಯನ್ನು ಹಿಂಸಿಸುತ್ತಿತ್ತು. ಎದ್ದು ಹೋಗಿ ಅವಳ ಗಲ್ಲದ ಕೆಳಗೆ ಅಂಗೈ ಒಡ್ಡಿದಳು.

“ಉಗಿ.”

ರಾದ್ಕಾ ಇಲ್ಲವೆಂದು ತಲೆಯಾಡಿಸಿದಳು.

“ಉಗಿ ಮಗಳೇ, ನನ್ನ ಕೈಗೇ ಉಗಿ.”

“ಅತ್ತಿಗೇ!” ಬಾಗಿಲಿನಿಂದ ಮರಾಶ್ ಕೂಗಿದ. “ಅತಿಥಿ ಬಾಯಲ್ಲಿದ್ದದ್ದನ್ನ ಕಿತ್ಕೊಳ್ತಾರಾ ಯಾರಾದ್ರೂ? ಊರು ಏನಂದ್ಕೊಳ್ಳತ್ತೆ?”

“ನೀನು ಸುಮ್ನಿರೋ ಮಾರಾಯ. ಒಂದು ತುತ್ತು ಉಗುಳಿದ್ರೆ ಮನೆ ಬಿದ್ದುಹೋಗಲ್ಲ.”

ರಾದ್ಕಾ ಉಗಿದಳು. ಉಗಿದು, ಮುಖ ಮುಚ್ಚಿಕೊಂಡು ಅತ್ತಳು. “ತಲೆಗೆ ಗೊತ್ತಿದೆ ಅಮ್ಮ, ಏನೂ ಆಗಲ್ಲ ಅಂತ. ಈ ಗಂಟಲಿಗೆ ಗೊತ್ತಾಗ್ತಿಲ್ಲ. ಇದಕ್ಕೇ ಹೆದರಿ ಇಷ್ಟು ವರ್ಷ ಬರಲಿಲ್ಲ. ನೀನು ಕೊಟ್ಟು ನಾನು ಬೇಡ ಅನ್ನೋದು ಹೇಗೆ ಅಂತ.”

“ಅಷ್ಟಕ್ಕೇನಾ?” ಎಂದಳು ಪ್ರೆಂಡಾ. ಅವಳಿಗೂ ಅಳು ಬಂದಿತ್ತು. ಕೈಯಲ್ಲಿದ್ದ ತುಂಡನ್ನು ಒಲೆಗೆ ಎಸೆದಳು, ತಟ್ಟೆಯನ್ನು ಎತ್ತಿ ಮರಾಶ್‌ನ ಕೈಗೆ ತುರುಕಿದಳು, ಅವನನ್ನು ಹೊರಗೆ ನೂಕಿ ಬಾಗಿಲು ಹಾಕಿದಳು. “ಚೀಲದಲ್ಲಿ ನಿಂದೇನಾದ್ರೂ ತಂದಿರ್ತೀಯಲ್ಲ, ತೆಗಿ. ನನಗೂ ಹಸಿವಾಗಿದೆ.”

“ನೀನು ತಿಂತೀಯಾ? ನನ್ನದನ್ನ?”

“ಮಾಡು, ಮಾಡು.”

ರಾದ್ಕಾ ಪೊಟ್ಟಣ ಒಡೆದು, ಬಾಟಲಿಯ ನೀರು ಸುರಿದು, ಪ್ರೆಂಡಾಳ ಒಲೆಯ ಮೇಲೆ ಅದನ್ನು ಕುದಿಸಿದಳು. ಆ ಒಲೆಯ ಮುಂದೆ ನಲವತ್ತೆರಡು ವರ್ಷಗಳಲ್ಲಿ ಅತ್ತೆಯನ್ನು ಬಿಟ್ಟರೆ ಬೇರೆ ಹೆಂಗಸು ಸೌಟು ಹಿಡಿದಿರಲಿಲ್ಲ. ಪ್ರೆಂಡಾ ಮೇಜಿನ ಮುಂದೆ ಕೈಕಟ್ಟಿ ಕೂತು ಕಾದಳು. ಕೊನೆಗೆ ಬಟ್ಟಲಿಗೆ ಬಿದ್ದದ್ದು ಬೂದಿಬಣ್ಣದ ಓಟ್ಸ್ ಗಂಜಿ. ಒಂದು ಚಮಚ ಬಾಯಿಗಿಟ್ಟಳು.

“ಇದೇನೇ ಇದು? ನಾವು ಇದನ್ನ ಕುದುರೆಗೆ ಹಾಕ್ತೀವಿ.”

“ಹೌದಮ್ಮ, ಅದೇ” ಎಂದು ರಾದ್ಕಾ ಅಳುತ್ತಲೇ ನಕ್ಕಳು.

ಉಪ್ಪಿಲ್ಲ, ರುಚಿಯಿಲ್ಲ, ಗಂಟಲಿಗೆ ಅಂಟುತ್ತಿತ್ತು. ಹುಡುಗಿ ಎದುರು ಕೂತು ಪ್ರತಿ ಚಮಚವನ್ನೂ ನೋಡುತ್ತಿದ್ದಳು. ಪ್ರೆಂಡಾ ತಲೆ ಎತ್ತದೆ ಬಟ್ಟಲು ಖಾಲಿ ಮಾಡಿದಳು, ತಳವನ್ನು ಬೆರಳಿನಿಂದ ಬಳಿದಳು. ಆಮೇಲೆ ಅದನ್ನು ಮುಂದಕ್ಕೆ ಚಾಚಿದಳು.

“ಇನ್ನೊಂದು ಸೌಟು ಹಾಕು, ಮಗಳೇ.”