ಏಕಾದಶಿಯಂದು ಕಂಪೈಲ್ ಮಾಡಿದ್ದು

ಕಂಪ್ಯೂಟರ್ ಕೊಳ್ಳಲು ಬಂದವರು ಅದನ್ನು ತಮ್ಮ ಕಣ್ಣೆದುರೇ ತಯಾರಿಸಿ ಕೊಡಬೇಕೆಂದು ಹಟ ಹಿಡಿದದ್ದನ್ನು ನಾನು ಜೀವನದಲ್ಲಿ ಒಮ್ಮೆ ಮಾತ್ರ ಕಂಡಿದ್ದೇನೆ. ಎಂಬತ್ತರ ದಶಕದ ಕೊನೆಯ ಮಾತು. ಬಂದವರು ಕಾರ್ಕಳದ ಒಂದು ಕೃಷಿಕರ ಸಹಕಾರಿ ಸಂಘದ ನಿರ್ದೇಶಕರು. ನಮ್ಮ ಕಡೆ ಕೊಬ್ಬರಿ ಹೊತ್ತು ಗಾಣಕ್ಕೆ ಹೋದವರು ಎಣ್ಣೆ ಡಬ್ಬಕ್ಕೆ ಬೀಳುವವರೆಗೆ ಅಲ್ಲಿಂದ ಏಳುವುದಿಲ್ಲ. ಎದ್ದರೆ ತಮ್ಮ ಎಣ್ಣೆ ಇನ್ನೊಬ್ಬರ ಡಬ್ಬಕ್ಕೆ ಹೋದೀತೆಂಬ ಗುಮಾನಿ. ಈ ನಿರ್ದೇಶಕರಲ್ಲಿ ಇಬ್ಬರಿಗೆ ಸ್ವಂತ ಗಾಣವೇ ಇತ್ತು. ಒಳಗಿನ ವ್ಯವಹಾರ ಬಲ್ಲವರಾದ್ದರಿಂದ ಅವರ ಗುಮಾನಿ ಇನ್ನೂ ಹೆಚ್ಚು.

ನಾನು ಆಗ ಮಣಿಪಾಲದಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಕೆಲಸಕ್ಕಿದ್ದೆ. ನಮ್ಮೂರು ಕಾಪುವಿನಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಮಣಿಪಾಲಕ್ಕೆ ಇನ್ನೊಂದು. ಯಜಮಾನರು ಉಡುಪಿಯ ಬ್ಯಾರಿ ಮುಸಲ್ಮಾನರು, ದುಬೈಯಲ್ಲಿ ಟೇಪ್‌ರೆಕಾರ್ಡರ್ ಮಾರಿ ಊರಿಗೆ ಮರಳಿದವರು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು. ಬಿಡಿಭಾಗಗಳನ್ನು ತರಿಸಿ ಕಂಪ್ಯೂಟರ್ ಜೋಡಿಸಿ, ಅದನ್ನು ನಡೆಸಲು ಯುನಿಕ್ಸ್ ಎಂಬ ತಂತ್ರಾಂಶ ಹಾಕಿ ಮಾರುವ ಹುಚ್ಚು ಅವರಿಗೆ ಹಿಡಿದಿತ್ತು. ಯುನಿಕ್ಸಿನ ನಡುಮನೆಯಂಥ ಭಾಗಕ್ಕೆ ಕರ್ನೆಲ್ ಎಂದು ಹೆಸರು. ಪ್ರಿಂಟರಿನಂಥ ಹೊರಗಿನ ಯಂತ್ರ ಅದರೊಂದಿಗೆ ಮಾತಾಡಬೇಕಾದರೆ ನಡುವೆ ಒಬ್ಬ ದುಭಾಷಿ ಬೇಕು. ಆ ದುಭಾಷಿಯೇ ಡ್ರೈವರ್. ನಮ್ಮ ಪ್ರಿಂಟರ್ ಡ್ರೈವರ್ ಬರೆದ ಮಹಾನುಭಾವರು ಅದನ್ನು ಮುಗಿಸಿದ ವಾರವೇ ಮಸ್ಕತ್‌ಗೆ ಹಾರಿದ್ದರು. ಹಾಗಾಗಿ ಅದರ ಜವಾಬ್ದಾರಿ ನನ್ನ ತಲೆಗೆ ಬಂತು.

ಮೊದಲ ಸಲ ನಿರ್ದೇಶಕರು ಬಂದಾಗ ನಾನು ಅವರೆದುರು ಇಡೀ ಕರ್ನೆಲನ್ನು ಕಂಪೈಲ್ ಮಾಡಲು ಹಚ್ಚಿದೆ. ಅಂದರೆ, ನಾವು ಬರೆದದ್ದನ್ನು ಯಂತ್ರಕ್ಕೆ ಅರ್ಥವಾಗುವ ಹಾಗೆ ಅರೆಯುವ ಕೆಲಸ. ಒಂದೂವರೆ ಗಂಟೆ ಹಿಡಿಯುತ್ತಿತ್ತು. ಅವರು ಬೆತ್ತದ ಕುರ್ಚಿಗಳಲ್ಲಿ ಸಾಲಾಗಿ ಕುಳಿತು ಪರದೆಯ ಹಸಿರು ಅಕ್ಷರಗಳನ್ನು ಎವೆಯಿಕ್ಕದೆ ನೋಡುತ್ತಿದ್ದರು. ಪ್ರಿಂಟರ್ ಡ್ರೈವರಿನ ಸರದಿ ಬಂದದ್ದೇ ತಡ, ಪರದೆಯ ತುಂಬ ವಾರ್ನಿಂಗ್‌ಗಳು. ತಪ್ಪು ಬೇರೆ, ವಾರ್ನಿಂಗ್ ಬೇರೆ. ತಪ್ಪಿದ್ದರೆ ಕೆಲಸ ನಿಲ್ಲುತ್ತದೆ, ವಾರ್ನಿಂಗ್ ಬಂದರೆ ಕಂಪೈಲರ್ ಗೊಣಗಿಕೊಂಡೇ ಮುಂದೆ ಹೋಗುತ್ತದೆ. ಇದನ್ನು ನಾನು ವಿವರಿಸುವ ಮೊದಲೇ ಇಂಗ್ಲಿಷ್ ಬಲ್ಲ ನಿರ್ದೇಶಕರೊಬ್ಬರು ಎದ್ದುನಿಂತು “ವಾರ್ನಿಂಗ್! ವಾರ್ನಿಂಗ್!” ಎಂದು ಗಟ್ಟಿಯಾಗಿ ಓದತೊಡಗಿದರು. ಅಧ್ಯಕ್ಷರು ಶಾಲು ಸರಿಪಡಿಸಿಕೊಂಡು ಎದ್ದರು.

“ಸಾಹೇಬರೇ, ಯಂತ್ರವೇ ಬೇಡ ಬೇಡ ಅಂತ ಹೇಳ್ತಾ ಉಂಟು. ನಾವು ತೆಗೆದುಕೊಳ್ಳುವುದು ಹೇಗೆ? ಅದು ಸುಮ್ಮನಾದ ಮೇಲೆ ಹೇಳಿ ಕಳಿಸಿ.”

ಅವರ ಜೀಪು ಹೋದ ಮೇಲೆ ಸಾಹೇಬರು ನನ್ನ ಮೇಜಿನ ಹತ್ತಿರ ಬಂದು ನಿಂತರು. “ಈ ಯಂತ್ರ ಕಾರ್ಕಳಕ್ಕೆ ಹೋಗದಿದ್ದರೆ ನಾನು ಈ ಕೋಣೆಗೆ ಬೀಗ ಹಾಕುವುದೇ. ಎಂತ ಮಾಡ್ತೀರಿ ನೋಡಿ” ಎಂದರು. ಬೀಗ ಬಿದ್ದರೆ ಸಾಹೇಬರಿಗೆ ದುಬೈ ಇತ್ತು, ನನಗೆ ಬಿ.ಎಡ್. ಇತ್ತು. ಅಪ್ಪ ಶಾಲಾ ಮಾಸ್ತರರು. ನನ್ನ ಪಾಲಿನ ಬಿ.ಎಡ್. ಸೀಟಿಗೆ ಯಾರ ಹತ್ತಿರ ಹೇಳಬೇಕೋ ಅವರ ಹತ್ತಿರ ಆಗಲೇ ಹೇಳಿ ಇಟ್ಟಿದ್ದರು. ನನಗೆ ಶಾಲೆ ಬೇಡ, ಸೀಮೆಸುಣ್ಣ ಬೇಡ. ಆ ಮಹಡಿಯ ಕೋಣೆ ಬೇಕಿತ್ತು. ನಾನು ಬರೆದ ಸಾಲಿಗೆ ಕಬ್ಬಿಣದ ಯಂತ್ರವೊಂದು ಕರಕರ ಎಂದು ಉತ್ತರ ಕೊಡುವಾಗ ಆಗುತ್ತಿದ್ದ ಸಂತೋಷ ನನಗೆ ಬೇರೆ ಯಾವುದರಿಂದಲೂ ಆಗಿರಲಿಲ್ಲ.

ವಾರ್ನಿಂಗ್ ತೆಗೆಯಲು ಕುಳಿತೆ. ಮಸ್ಕತ್ತಿನವರು ಊಟಪ್ರಿಯರು. ಲೆಕ್ಕ ಹಾಕಿಡುವ ಡಬ್ಬಗಳಂಥ ತಮ್ಮ ವೇರಿಯಬಲ್‌ಗಳಿಗೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಅಂಬಡೆ, ಬನ್ಸ್, ನೀರ್‌ದೋಸೆ ಎಂದು ಹೆಸರಿಟ್ಟಿದ್ದರು. ಯಾವ ಭಾಗ ಬೆಳಗ್ಗೆ ಬರೆದದ್ದು, ಯಾವುದು ಸಂಜೆ ಬರೆದದ್ದು ಎಂದು ಹೆಸರಿನಿಂದಲೇ ತಿಳಿಯುತ್ತಿತ್ತು. ಅರ್ಧದಷ್ಟನ್ನು ಅವರು ಮುಟ್ಟಿಯೇ ಇರಲಿಲ್ಲ. “ಅಂಬಡೆಯನ್ನು ಉಪಯೋಗಿಸಿಲ್ಲ” ಎಂದು ಕಂಪೈಲರ್ ಗೊಣಗುತ್ತಿತ್ತು, ನಾನು ಅಂಬಡೆಯನ್ನು ಅಳಿಸುತ್ತಿದ್ದೆ. ಹೀಗೆ ಇಡೀ ಹೋಟೆಲನ್ನು ಖಾಲಿ ಮಾಡಿದ ಮೇಲೆ ಒಂದೇ ಒಂದು ವಾರ್ನಿಂಗ್ ಉಳಿಯಿತು. “ಈ ಸಾಲಿನಿಂದ ಯಾವ ಪರಿಣಾಮವೂ ಇಲ್ಲ.”

ಸಂತೋಷದಿಂದ ಆ ಸಾಲನ್ನೂ ಅಳಿಸಿದೆ. ಪ್ರಿಂಟರ್ ಒಂದು ಅಕ್ಷರ ಹೊಡೆದು ಕಲ್ಲಾಯಿತು.

ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗುಟ್ಟು ಗೊತ್ತಾಯಿತು. ಪ್ರಿಂಟರ್ ಪ್ರತಿ ಅಕ್ಷರ ಹೊಡೆದ ಮೇಲೂ “ಆಯಿತು” ಎಂದು ವರದಿ ಒಪ್ಪಿಸುತ್ತದೆ. ಅದನ್ನು ಯಾರಾದರೂ ಕೇಳಿಸಿಕೊಂಡರೆ ಮಾತ್ರ ಮುಂದಿನ ಅಕ್ಷರ. ಆ ಸಾಲು ಕೇಳಿಸಿಕೊಳ್ಳುತ್ತಿತ್ತು, ಅಷ್ಟೇ. ಕೇಳಿದ್ದನ್ನು ಎಲ್ಲಿಯೂ ಇಡುತ್ತಿರಲಿಲ್ಲ, ಯಾರಿಗೂ ಹೇಳುತ್ತಿರಲಿಲ್ಲ. ಕಂಪೈಲರಿಗೆ ಅದು ದಂಡಪಿಂಡವಾಗಿ ಕಂಡಿತ್ತು. ಕೇಳಿದ್ದನ್ನು ಇಡಲು ಒಂದು ವೇರಿಯಬಲ್ ಮಾಡಿದೆ. “ಇಟ್ಟದ್ದನ್ನು ಉಪಯೋಗಿಸಿಲ್ಲ” ಎಂದು ಹೊಸ ವಾರ್ನಿಂಗ್ ಬಂತು. ಉಪಯೋಗವಾಗಲಿ ಎಂದು ಪರದೆಗೆ ಬರೆಸಿದೆ. ಪರೀಕ್ಷೆಗೆಂದು ಹೊಡೆಸಿದ ರಶೀದಿಯ ಒಂದೊಂದು ಅಕ್ಷರಕ್ಕೂ ಪರದೆಯ ಮೇಲೆ “ಆಯಿತು, ಆಯಿತು” ಎಂದು ಬರತೊಡಗಿ ಯಂತ್ರ ಬೇರೆಲ್ಲ ಕೆಲಸ ಮರೆಯಿತು. ಇದಕ್ಕೆ ಬೇರೆ ಜಾಣ ದಾರಿಗಳಿದ್ದವು ಎಂದು ಈಗಿನವರು ಹೇಳುತ್ತಾರೆ. ಹೇಳಲಿ. ಆಗ ಅವರು ಹುಟ್ಟಿರಲಿಲ್ಲ.

ಸಾಹೇಬರಿಗೆ ವಿಷಯ ತಿಳಿಸಿದೆ. ಅವರು ಹೆದರುವ ಪೈಕಿ ಅಲ್ಲ.

“ಆ ಒಂದು ವಾರ್ನಿಂಗ್ ಎಷ್ಟು ಹೊತ್ತಿಗೆ ಬರುತ್ತದೆ?”

“ಶುರು ಮಾಡಿ ಸುಮಾರು ಮುಕ್ಕಾಲು ಗಂಟೆಗೆ, ಸರ್.”

“ಹಾಗಾದರೆ ಆ ಹೊತ್ತಿಗೆ ಸರಿಯಾಗಿ ಗೋಳಿಬಜೆ ಕೊಡುವ. ಬಿಸಿ ಗೋಳಿಬಜೆ ಎದುರಿಗಿರುವಾಗ ಪರದೆ ನೋಡುವ ಗಂಡಸು ಈ ಜಿಲ್ಲೆಯಲ್ಲಿ ಇಲ್ಲ ಮಾರಾಯ್ತಿ. ಆ ವಾರ್ನಿಂಗ್ ಪರದೆ ದಾಟಿ ಮೇಲೆ ಸರಿದ ನಂತರ ಎಷ್ಟು ಬೇಕಾದರೂ ನೋಡಲಿ.”

ನಮ್ಮ ತಯಾರಿಯೆಲ್ಲ ಗೋಳಿಬಜೆಯ ಮೇಲೆ ನಿಂತಿತು. ಅಧ್ಯಕ್ಷರು ಮಡಿವಂತ ಬ್ರಾಹ್ಮಣರೆಂದು ಸಾಹೇಬರು ತಾವೇ ಹೋಗಿ ಭಟ್ಟರ ಹೋಟೆಲಿಗೆ ಹೇಳಿದರು. ಹೋಟೆಲಿನವರ ಪಾತ್ರೆ, ಹೋಟೆಲಿನವರ ಬಾಳೆಎಲೆ, ಬಡಿಸುವುದಕ್ಕೂ ಅವರದೇ ಜನ. ನಾನು ಎರಡು ಸಲ ಕೆಮ್ಮಿದರೆ ಬಡಿಸುವವರು ಒಳಗೆ ಬರಬೇಕು. ಅದನ್ನೂ ಒಮ್ಮೆ ಅಭ್ಯಾಸ ಮಾಡಿದೆವು. ಫೋನಿನಲ್ಲಿ ದಿನ ಗೊತ್ತುಮಾಡುವಾಗ ಅಧ್ಯಕ್ಷರು “ಆ ದಿನ ನಾನು ಪೂರ್ತಿ ಬಿಡುವು” ಎಂದು ಒಪ್ಪಿದ್ದರು.

ಅವರು ಯಾಕೆ ಬಿಡುವು ಎಂದು ನಾವು ಕೇಳಲಿಲ್ಲ. ಸಾಹೇಬರು ಬ್ಯಾರಿ, ನಾನು ಕೊಂಕಣಿ ಕ್ರಿಶ್ಚಿಯನ್. ಶುಕ್ರವಾರ ಬೀಳದಂತೆ ಅವರು ನೋಡಿಕೊಂಡಿದ್ದರು, ಭಾನುವಾರ ಬೀಳದಂತೆ ನಾನು ನೋಡಿಕೊಂಡಿದ್ದೆ. ಏಕಾದಶಿ ಎಂಬುದೊಂದು ಇದೆಯೆಂದು ಇಬ್ಬರಿಗೂ ಹೊಳೆಯಲಿಲ್ಲ.

ಆ ದಿನ ನಿರ್ದೇಶಕರು ಮತ್ತೆ ಸಾಲಾಗಿ ಕುಳಿತರು. ಮುಕ್ಕಾಲು ಗಂಟೆಯಾಗುತ್ತಲೇ ನಾನು ಎರಡು ಸಲ ಕೆಮ್ಮಿದೆ. ಗೋಳಿಬಜೆ ಒಳಗೆ ಬಂತು, ಕೋಣೆಯ ತುಂಬ ಪರಿಮಳ. ಅಧ್ಯಕ್ಷರು ಕೈ ಅಡ್ಡ ಹಿಡಿದು “ನನಗೆ ಇವತ್ತು ನೀರು ಸಹ ಇಲ್ಲ” ಎಂದರು. ಉಳಿದವರಲ್ಲಿ ಜೈನರಿದ್ದರು, ಬಂಟರಿದ್ದರು, ಅವರಿಗೆ ಉಪವಾಸವೇನೂ ಇರಲಿಲ್ಲ. ಆದರೆ ಅಧ್ಯಕ್ಷರು ಮುಟ್ಟದ್ದನ್ನು ಮುಟ್ಟುವುದು ಹೇಗೆ? ಎಲ್ಲರ ಕೈಯೂ ಹಿಂದೆ ಸರಿಯಿತು. ಎಲೆಯ ಕಡೆ ನೋಡಿದರೆ ಆಸೆಯಾಗುತ್ತದೆಂದು ಅವರೆಲ್ಲ ಒಟ್ಟಿಗೇ ಮುಖ ತಿರುಗಿಸಿ ಪರದೆಯನ್ನು ದಿಟ್ಟಿಸಿದರು. ಸರಿಯಾಗಿ ಆಗಲೇ ಅದು ಬಂತು.

“ವಾರ್ನಿಂಗ್” ಎಂದರು ಇಂಗ್ಲಿಷ್ ಬಲ್ಲವರು.

ಸಾಹೇಬರು ಬಾಗಿಲಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ಬಿ.ಎಡ್. ಖಾತ್ರಿ ಎಂದು ಗೊತ್ತಾದ ಮೇಲೆ ಬಂದದ್ದು ಧೈರ್ಯವೋ ಸಿಟ್ಟೋ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಈ ಸಾಲು ಪ್ರಿಂಟರ್ ಹೇಳಿದ್ದನ್ನು ಕೇಳುತ್ತದೆ, ಬೇರೇನೂ ಮಾಡುವುದಿಲ್ಲ, ಆದರೆ ಇದನ್ನು ತೆಗೆದರೆ ಪ್ರಿಂಟರ್ ನಿಲ್ಲುತ್ತದೆ ಎಂದೆ.

ಅಧ್ಯಕ್ಷರು ಕುರ್ಚಿಯಿಂದ ಮುಂದೆ ಬಾಗಿ ಪರದೆಯನ್ನು ನೋಡಿದರು. ಆಮೇಲೆ ಮುಖ ಅರಳಿಸಿ, ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವಂತೆ ನನ್ನನ್ನು ಕರೆದರು. “ಬಾಯಮ್ಮ, ಮಹಾಸಭೆಯಲ್ಲಿ ನಾನು ಮಾಡುವುದೂ ಅದೇ ಅಲ್ವಾ! ಸದಸ್ಯರು ಬಂದು ಹೇಳ್ತಾರೆ, ನಾನು ಹೂಂ ಹೂಂ ಅಂತ ಕೇಳ್ತೇನೆ. ಎಂತ ಸಹ ಮಾಡುವುದಿಲ್ಲ. ಹೋದ ವರ್ಷ ಜ್ವರ ಅಂತ ಹೋಗಲಿಲ್ಲ, ಸಭೆ ಅಲ್ಲೇ ನಿಂತುಹೋಯಿತು.”

ಉಪಾಧ್ಯಕ್ಷರಿಗೆ ಇದು ಸರಿಬರಲಿಲ್ಲ. “ನೀವು ಒಬ್ಬರೇ ಅಂತ ಯಾಕೆ ಹೇಳ್ತೀರಿ? ನಾವು ಸಹ ಎಂತ ಮಾಡುವುದಿಲ್ಲ” ಎಂದು ಆಕ್ಷೇಪಿಸಿದರು. ಉಳಿದವರೂ ತಲೆಯಾಡಿಸಿದರು.

ಆದರೂ ಗಾಣದವರಿಗೆ ಬಾಯಿಮಾತು ಸಾಲದು. ಆ ಸಾಲು ತೆಗೆದು ತೋರಿಸಿ ಎಂದರು. ಆ ಸಾಲಿರುವ ಕಡತವೊಂದನ್ನು ಅರೆದರೆ ಸಾಕು ಎಂದು ನಾನು ಹೇಳಿದರೂ ಕೇಳದೆ ಮೊದಲಿನಿಂದ ಎಲ್ಲವನ್ನೂ ಅರೆಸಿದರು. ಇನ್ನೊಂದೂವರೆ ಗಂಟೆ. ಗೋಳಿಬಜೆಯ ಪಾತ್ರೆ ಹೊರಗೆ ಹೋಗಿತ್ತು. ನಡುವೆ ಒಬ್ಬೊಬ್ಬರಾಗಿ ಕೈತೊಳೆಯಲೆಂದು ಹೊರಗೆ ಹೋದವರು ಎಣ್ಣೆಗೈ ಒರಸಿಕೊಳ್ಳುತ್ತ ಒಳಗೆ ಬಂದರು. ಅಧ್ಯಕ್ಷರು ಮಾತ್ರ ಅಲುಗಲಿಲ್ಲ. ವಾರ್ನಿಂಗ್ ಇಲ್ಲದ ಕರ್ನೆಲ್ ತಯಾರಾಯಿತು, ಪ್ರಿಂಟರ್ ಒಂದು ಅಕ್ಷರ ಹೊಡೆದು ಕಲ್ಲಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಯಂತ್ರವನ್ನು ವಾರ್ನಿಂಗ್ ಸಮೇತ ಕೊಳ್ಳುವುದೆಂದು ಅಲ್ಲೇ ನಿರ್ಣಯವಾಯಿತು. ಒಂದು ಷರತ್ತು. “ವಾರ್ನಿಂಗ್ ಬಂದ ಯಂತ್ರವನ್ನು ಒಂಟಿಯಾಗಿ ಬಿಡಲಿಕ್ಕೆ ಆಗುವುದಿಲ್ಲ. ಗೊತ್ತಿದ್ದವರು ಒಬ್ಬರು ಹತ್ತಿರ ಇರಬೇಕು” ಎಂದರು ಅಧ್ಯಕ್ಷರು. ಸಾಹೇಬರು ಕಣ್ಣು ಬಿಟ್ಟು, “ಇವರೇ ಇರ್ತಾರೆ. ಎಷ್ಟು ವರ್ಷ ಬೇಕಾದರೂ ಇರ್ತಾರೆ” ಎಂದರು. ನನ್ನನ್ನು ಯಾರೂ ಕೇಳಲಿಲ್ಲ.

ಹೀಗೆ ನನ್ನ ಕೆಲಸ ಖಾಯಂ ಆಯಿತು. ಶಿರ್ವ, ಬೆಳ್ಮಣ್ಣು ದಾಟಿ ದಿನಾ ಕಾರ್ಕಳಕ್ಕೆ ಹೋಗಿ ಪ್ರಿಂಟರಿನ ಪಕ್ಕದ ಕುರ್ಚಿಯಲ್ಲಿ ಕುಳಿತೆ. ಕೀಬೋರ್ಡ್ ಸಂಘದ ಗುಮಾಸ್ತರ ಕೈಯಲ್ಲಿ ಇರುತ್ತಿತ್ತು. ನಾನು ಒಂದು ಸಾಲನ್ನೂ ಬರೆಯಬೇಕಾಗಿರಲಿಲ್ಲ. ಪ್ರಿಂಟರ್ ಒಮ್ಮೆಯೂ ಕೆಡಲಿಲ್ಲ. ಮಣಿಪಾಲದಲ್ಲಿ ಸಾಹೇಬರು ಹೊಸ ಯಂತ್ರ ತರಿಸಿದರು. ಅದರ ಡ್ರೈವರನ್ನು ಇನ್ಯಾರೋ ಬರೆಯುತ್ತಿದ್ದಾರೆಂದು ತಿಳಿದು ಹೊಟ್ಟೆ ಉರಿಯಿತು.

ಒಮ್ಮೆ ಚಿಕ್ಕಪ್ಪನ ಮಗಳ ಮದುವೆಗೆಂದು ಒಂದು ದಿನ ರಜೆ ಹಾಕಿದೆ. ಅದೇ ದಿನ ಪ್ರಿಂಟರಿನ ರಿಬ್ಬನ್ ಸಿಕ್ಕಿಹಾಕಿಕೊಂಡಿತಂತೆ. ಅದನ್ನು ಯಾರು ಬೇಕಾದರೂ ಬಿಡಿಸಬಹುದಿತ್ತು, ಯಾರೂ ಮುಟ್ಟಿರಲಿಲ್ಲ. ಮರುದಿನ ಅಧ್ಯಕ್ಷರೇ ನನ್ನ ಕುರ್ಚಿಯ ಹತ್ತಿರ ಬಂದು ಕೈಮುಗಿದರು. “ಬಾಯಮ್ಮ, ನೀವು ಇಲ್ಲದಿದ್ದರೆ ನಮಗೆ ಆಗುವುದೇ ಇಲ್ಲ.”

ಮಣಿಪಾಲದಲ್ಲಿ ನಾನು ನಿಜವಾಗಿ ಕೆಲಸ ಮಾಡುತ್ತಿದ್ದಾಗ ಒಬ್ಬರೂ ನನಗೆ ಆ ಮಾತು ಹೇಳಿರಲಿಲ್ಲ. ಸಂಜೆ ಬಸ್ಸಿನಲ್ಲಿ ಬೆಳ್ಮಣ್ಣಿನವರೆಗೆ ಅತ್ತೆ. ಮರುದಿನ ಹೊತ್ತಿಗೆ ಸರಿಯಾಗಿ ಹೋಗಿ ಕುಳಿತೆ.