ರವಿಕೆಯ ಎರಡನೆಯ ತೋಳು

ಬಾಯಮ್ಮನ ಎಡಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಿತ್ತು. ಉಳಿದವನ್ನೆಲ್ಲ ಮೀನು ಕೊಯ್ಯಲು ಅಡ್ಡವೆಂದು ಬುಡಕ್ಕೇ ಕತ್ತರಿಸುತ್ತಿದ್ದರು. ಆ ಒಂದು ಉಗುರಿನಿಂದ ರಿಮೋಟಿನ ಮುಚ್ಚಳ, ಗಡಿಯಾರದ ಬೆನ್ನು ಎಲ್ಲವನ್ನೂ ಎಬ್ಬಿಸಿ ತೆಗೆಯುತ್ತಿದ್ದರು. ಕಾಪುವಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಕುವೈತಿನ ಆಫೀಸೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದು ಊರಿಗೆ ಮರಳಿದವರು. ಕ್ರೈಸ್ತರ ಹಿರಿಯ ಹೆಂಗಸರನ್ನು ನಮ್ಮಲ್ಲಿ ಕರೆಯುವಂತೆ ನಾನೂ ಅವರನ್ನು ಬಾಯಮ್ಮ ಎಂದೇ ಕರೆಯುತ್ತಿದ್ದೆ.

ನನ್ನದು ಮೆಷಿನ್ ಎಂಬ್ರಾಯ್ಡರಿ. ವಿನ್ಯಾಸವೆಲ್ಲ ಲ್ಯಾಪ್‌ಟಾಪಿನಲ್ಲಿ, ಅಲ್ಲಿಂದ ವೈರಿನಲ್ಲಿ ನೇರ ಮೆಷಿನಿಗೆ. ಅಜೆಕಾರಿನ ಮದುಮಗಳೊಬ್ಬಳ ರವಿಕೆಯ ಒಂದು ತೋಳು ಮುಗಿದಿತ್ತು. ಎರಡನೆಯದಕ್ಕೆ ಬಟ್ಟೆ ಬಿಗಿಯುವಾಗ ಲ್ಯಾಪ್‌ಟಾಪ್ ಕಟಕಟ ಎಂದು ನಿಂತುಹೋಯಿತು. ಬಟ್ಟೆ ಅವಳ ಅಜ್ಜಿಯ ಸೀರೆಯ ಸೆರಗು. ವಿನ್ಯಾಸ ಹೋದರೆ ಎರಡೂ ತೋಳನ್ನು ಹೊಸದಾಗಿ ಮಾಡಬೇಕು; ಅದಕ್ಕೆ ಇನ್ನೊಂದು ತುಂಡು ಎಲ್ಲಿಂದ ತರುವುದು?

ಕರೆದಾಗ ಬಂದ ಬಾಯಮ್ಮ ಲ್ಯಾಪ್‌ಟಾಪಿಗೆ ಕಿವಿಯಿಟ್ಟು ಕೇಳಿದರು. "ಹಾರ್ಡ್ ಡಿಸ್ಕಿಗೆ ಪ್ರಾಯ ಆಯ್ತು. ಉಡುಪಿಯಿಂದ ಎಸ್‌ಎಸ್‌ಡಿ ತಾ, ಒಳಗೆ ತಿರುಗುವ ತಟ್ಟೆ ಇಲ್ಲದ ಹೊಸ ನಮೂನೆಯ ಡಿಸ್ಕ್. ಅದು ನಮ್ಮ ಯಜಮಾನರ ಹಾಗೆ, ಕೂತಲ್ಲಿಂದ ತಿರುಗುವುದೇ ಇಲ್ಲ. ಆದ್ರೆ ಕೆಲಸ ಮಾಡ್ತದೆ."

ಬಿಚ್ಚಿದ ಸ್ಕ್ರೂಗಳನ್ನು ಚಪಾತಿ ಹಿಟ್ಟಿನ ಉಂಡೆಗೆ ಅದೇ ಕ್ರಮದಲ್ಲಿ ಚುಚ್ಚಿಟ್ಟರು. ಹೊಸದನ್ನು ಕೂರಿಸಿ ವಿಂಡೋಸ್ ಹಾಕಿದರೆ, ಪರದೆ ಒಂದೇ ಉಸಿರಿಗೆ ತೆರೆಯಿತು! ಹಳೆಯ ಡಿಸ್ಕನ್ನು ಹೊರಗಿನಿಂದ ಜೋಡಿಸಿ, ನಾನು ತೋರಿಸಿದ ಫೋಲ್ಡರ್ ನಕಲು ಮಾಡಿಕೊಂಡರು.

"ಆಯ್ತಲ್ವಾ ಬಾಯಮ್ಮ, ಹಳೆಯದನ್ನು ಒರೆಸಿ ಖಾಲಿ ಮಾಡಿಬಿಡಿ. ಫೋಟೋ ಹಾಕ್ಲಿಕ್ಕೆ ಆಗ್ತದೆ."

"ನಿಲ್ಲು ಮಾರಾಯ್ತಿ, ಎಂತ ಅವಸರ? ಮೊದಲು ಹೊಲಿದು ನೋಡು."

ತೋಳಿನ ವಿನ್ಯಾಸ ತೆರೆಯಲೇ ಇಲ್ಲ. ನಾನು ತೋರಿಸಿದ್ದು ಬರೀ ಶಾರ್ಟ್‌ಕಟ್‌ಗಳು; ನಿಜವಾದ ಫೈಲುಗಳೆಲ್ಲ ಹಳೆಯ ಡಿಸ್ಕಿನ ಇನ್ನೊಂದು ಭಾಗದಲ್ಲೇ ಉಳಿದಿದ್ದವು. ಒರೆಸಿದ್ದರೆ?

ಬಾಯಮ್ಮ ಬೈಯಲಿಲ್ಲ. ಹಳೆಯ ಡಿಸ್ಕನ್ನು ಮತ್ತೆ ಜೋಡಿಸಿ, ಬಿಸಿಯಾಗದಂತೆ ಟೇಬಲ್ ಫ್ಯಾನನ್ನು ಅದರತ್ತ ತಿರುಗಿಸಿದರು. ಅದು ಕೆಮ್ಮುತ್ತ, ತಡೆಯುತ್ತ ಒಂದೊಂದೇ ಫೈಲು ಕೊಡತೊಡಗಿತು. ಪ್ರತಿಯೊಂದಕ್ಕೂ ಅವರು ಕೊಂಕಣಿಯಲ್ಲಿ, ಹೊಸದಾಗಿ ನಡೆಯುವ ಮಗುವನ್ನು ಕರೆದಂತೆ, "ಯೇ ಪುತಾ, ಯೇ" ಎನ್ನುತ್ತಿದ್ದರು.

ಕೊನೆಗೆ ಬಂದದ್ದೇ ತೋಳಿನ ಬಳ್ಳಿ. ಹೊಲಿದೆ. ಸೂಜಿ ನಿಂತಾಗ ಬಾಯಮ್ಮ ಎರಡೂ ತೋಳುಗಳನ್ನು ಅಕ್ಕಪಕ್ಕ ಹಾಸಿ, ಎಲೆಗೆ ಎಲೆ ಹೊಂದಿಸಿ ನೋಡಿದರು. ಒಂದೂ ಎಲೆ ತಪ್ಪಿರಲಿಲ್ಲ.

"ಈಗ ಒರೆಸುವಾ?"

"ಬೇಡ ಬಾಯಮ್ಮ, ಅದು ಹಾಗೇ ಇರಲಿ."

"ಬುದ್ಧಿ ಬಂತು," ಎಂದು ನಕ್ಕರು.

ಅವರು ತೀರಿಕೊಂಡು ಈಗ ಎರಡು ಮಳೆಗಾಲ ಕಳೆದವು. ಆ ಡಿಸ್ಕ್ ನೂಲಿನ ಡಬ್ಬಿಯಲ್ಲಿ ಉಂಟು. ಅಂದು ಅವರು ಒಂದು ಫೈಲನ್ನೂ ಬಿಡದೆ ತೆಗೆದುಕೊಟ್ಟದ್ದರಿಂದ, ಆ ಡಿಸ್ಕನ್ನು ತೆರೆಯುವ ಅಗತ್ಯ ಒಮ್ಮೆಯೂ ಬಂದಿಲ್ಲ. ಅದೂ ಅವರ ದಯೆಯೇ.